ನಲವತ್ತರ ಅಳತೆಯ ಕೋಟು

“ಎದೆ ನಲವತ್ತಾರು!” ಎಂದು ಜಯಶೀಲಾ ಗಟ್ಟಿಯಾಗಿ ಕೂಗಿದಳು.

ಕೂಗಿದ್ದು ಅವಳ ತಪ್ಪಲ್ಲ. ಟೈಲರ್ ಅಂಗಡಿಯಲ್ಲಿ ಅದೇ ರೂಢಿ. ಒಬ್ಬರು ಅಳೆದು ಕೂಗುವುದು, ಇನ್ನೊಬ್ಬರು ಬರೆದುಕೊಳ್ಳುವುದು. ಆದರೆ ಇದು ಟೈಲರ್ ಅಂಗಡಿಯಲ್ಲ, ಜಯನಗರದ ಹಂಸಾವಳಿ ಸಿಲ್ಕ್ಸ್‌ನ ಎರಡನೇ ಮಹಡಿಯ ಊಟದ ಕೋಣೆ. ಸುತ್ತ ಹದಿನಾರು ಜನ ಸಹೋದ್ಯೋಗಿಗಳು ನಿಂತಿದ್ದರು. ಬಾಗಿಲಿಗೆ ಒರಗಿ ಜನರಲ್ ಮ್ಯಾನೇಜರ್ ಬದರಿನಾಥ ನಿಂತಿದ್ದ. ನಡುವೆ ಕೈ ಅಗಲಿಸಿ ನಿಂತವಳು ತನ್ಮಯಿ.

“ಸೊಂಟ ನಲವತ್ನಾಲ್ಕು!”

ಮೂಲೆಯಲ್ಲಿ ಯಾರೋ ಕಿಸಕ್ಕೆಂದರು.

“ಏನ್ರೀ ದಿನೇಶ್, ಇವರಿಗೆ ಅಂತ ಒಂದು ಥಾನು ಎಕ್ಸ್‌ಟ್ರಾ ತರಿಸ್ಬೇಕಾ?” ಬದರಿನಾಥ ಕೇಳಿದ. ಕೋಣೆಗೆ ಕೋಣೆಯೇ ನಕ್ಕಿತು. ಈ ಮನುಷ್ಯನಿಗೆ ಬಹುವಚನ ಕೊಡಲು ನನಗೆ ಮನಸ್ಸಿಲ್ಲ, ಓದುಗರು ಕ್ಷಮಿಸಬೇಕು.

ನಗದೆ ಇದ್ದವನು ಒಬ್ಬನೇ. ಪುಸ್ತಕ ಹಿಡಿದು ಅಳತೆ ಬರೆಯುತ್ತಿದ್ದ ದಿನೇಶ್. ಪುಟ್ಟೇನಹಳ್ಳಿಯಲ್ಲಿ ಅವನದೇ ಹೊಲಿಗೆ ಯೂನಿಟ್ ಇತ್ತು, ಜಯಶೀಲಾ ಅಲ್ಲಿಯವಳೇ. ಹಂಸಾವಳಿಯ ಹೊಸ ಯೂನಿಫಾರ್ಮ್ ಕೆಲಸ ಅವನಿಗೆ ಸಿಕ್ಕಿತ್ತು. ಅವನು ತಲೆಯೆತ್ತಿ ತನ್ಮಯಿಯನ್ನೇ ನೋಡಿದ.

“ಮೇಡಂ, ಒಂದ್ಸಲ ಎರಡೂ ಕೈ ಪೂರ್ತಿ ಮೇಲಕ್ಕೆತ್ತಿ.”

“ಯಾಕೆ?”

“ನೋಡ್ಬೇಕು.”

ತನ್ಮಯಿಯ ಕಿವಿ ಬಿಸಿಯಾಯಿತು. ಮಿಕ್ಕ ಯಾರಿಗೂ ಇವನು ಕೈ ಎತ್ತಲು ಹೇಳಿರಲಿಲ್ಲ!

“ಏನ್ರೀ ನೋಡ್ಬೇಕು? ನಾನೇನು ಸರ್ಕಸ್ ಆನೆನಾ, ಸೊಂಡಿಲೆತ್ತಿ ಸಲಾಂ ಹೊಡೆಯೋಕೆ?”

ಅವನ ಪೆನ್ನು ಅಲ್ಲೇ ನಿಂತಿತು. “ಅಯ್ಯೋ, ಹಂಗಲ್ಲ ಮೇಡಂ...”

ಅವಳು ಎರಡೂ ಕೈಯನ್ನು ಸೂರಿಗೆತ್ತಿ, ರಪ್ಪನೆ ಇಳಿಸಿ, ಅಲ್ಲಿಂದ ನಡೆದುಬಿಟ್ಟಳು.

ಬಾತ್‌ರೂಮಿನ ಕನ್ನಡಿಯ ಮುಂದೆ ನಿಂತಾಗ ಕಣ್ಣು ತುಂಬಿತು. ಹೇಸಿಗೆ... ಹೊಟ್ಟೆಯೊಳಗಿಂದ ಎದ್ದು ಬರುವಂಥ ಹೇಸಿಗೆ! ಅದು ನಕ್ಕವರ ಮೇಲೆ ಬರಬೇಕಿತ್ತು. ಬಂದದ್ದು ಕನ್ನಡಿಯಲ್ಲಿದ್ದವಳ ಮೇಲೆ. ಹೆಣ್ಣುಮಕ್ಕಳಿಗೆ ನಾವು ಕಲಿಸಿರುವ ವಿದ್ಯೆ ಅದೊಂದೇ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ತನ್ಮಯಿಗೆ ಮೂವತ್ತೆರಡು. ಹಂಸಾವಳಿಯಲ್ಲಿ ಹನ್ನೊಂದು ವರ್ಷದ ಅನುಭವ. ಜರಿಯನ್ನು ಬೆರಳಲ್ಲಿ ಸವರಿ ಅಸಲಿಯೋ ನಕಲಿಯೋ ಹೇಳುತ್ತಿದ್ದಳು. ಮದುಮಗಳ ಬಣ್ಣ, ನಿಲುವು ನೋಡಿ ಮೂರನೇ ಸೀರೆಗೇ ವ್ಯಾಪಾರ ಮುಗಿಸುತ್ತಿದ್ದಳು. ಬಸವನಗುಡಿಯ ಅಜ್ಜಿಯರು ಮೊಮ್ಮಗಳ ಮದುವೆಗೆ ಬಂದಾಗ, “ತನ್ಮಯಿ ಇದಾಳೇನಮ್ಮ?” ಎಂದು ಕೇಳಿಯೇ ಮೆಟ್ಟಿಲು ಹತ್ತುತ್ತಿದ್ದರು.

ಆದರೆ ಅಂಗಡಿಯ ಇನ್‌ಸ್ಟಾಗ್ರಾಂ ನೋಡಿದರೆ ಅವಳು ಎಲ್ಲೂ ಇಲ್ಲ. ಅವಳ ಕೈಗಳಿವೆ. ನೆರಿಗೆ ಹಿಡಿಯುವ ಕೈ, ಸೆರಗು ಬಿಡಿಸುವ ಕೈ. ಮಣಿಕಟ್ಟಿನಿಂದ ಮೇಲಕ್ಕೆ ಕತ್ತರಿ! ಮಾತಾಡುವ ಮುಖ ಶ್ವೇತಾಳದ್ದು. ಸೇರಿ ಎರಡು ವರ್ಷವಾದ, ಕಡ್ಡಿಯಂಥ ಹುಡುಗಿ. “ನಿಮ್ಮ ಕೈ ಬಹಳ ಫೋಟೋಜೆನಿಕ್ ಮೇಡಂ” ಎಂದು ಬದರಿನಾಥ ಹೊಗಳುತ್ತಿದ್ದ. ಥೂ!

ಮನೆಯಲ್ಲೂ ಅಷ್ಟೇ. ಬನಶಂಕರಿ ಎರಡನೇ ಹಂತದ ಆ ಮನೆಯಲ್ಲಿ ಅಮ್ಮ ವಾರಿಜಾ ಬೆಳಗಾದರೆ ಜೀರಿಗೆಯ ಬಿಸಿನೀರು ಹಿಡಿದು ನಿಲ್ಲುವರು. ಡಾಕ್ಟರು ಥೈರಾಯ್ಡ್ ಎಂದು ಮಾತ್ರೆ ಕೊಟ್ಟು ಆರು ವರ್ಷವಾಗಿತ್ತು. ಆದರೂ ನೋಡಲು ಬಂದ ಗಂಡಿನ ಕಡೆಯವರೆಲ್ಲ ಕೇಸರಿಬಾತ್ ತಿಂದು, ತಟ್ಟೆ ನೆಕ್ಕಿ, ಹೊರಡುವಾಗ ಹೇಳುವ ಮಾತು ಒಂದೇ. “ಹುಡುಗಿ ಸ್ವಲ್ಪ... ವಾಕಿಂಗ್ ಮಾಡಿದ್ರೆ ಒಳ್ಳೇದು.”

ಅಳತೆಯ ದಿನ ಸಂಜೆ ಬದರಿನಾಥ ಅವಳನ್ನು ಚೇಂಬರಿಗೆ ಕರೆದ.

“ಕೂತ್ಕೊಳಿ. ಜೆ.ಪಿ. ನಗರದ ಹೊಸ ಶೋರೂಂ ವರಮಹಾಲಕ್ಷ್ಮಿ ಹಬ್ಬಕ್ಕೆ ಮುಂಚೆ ಓಪನ್. ಫ್ಲೋರ್ ಮ್ಯಾನೇಜರ್ ಪೋಸ್ಟಿಗೆ ನನ್ನ ತಲೇಲಿರೋದು ನಿಮ್ಮ ಹೆಸರೇ.”

ತನ್ಮಯಿ ಕುರ್ಚಿಯ ತುದಿಗೆ ಸರಿದು ಕೂತಳು. ಹನ್ನೊಂದು ವರ್ಷ ಕಾದ ಮಾತು!

“ಆದ್ರೆ...” ಅವನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. “ಅದು ಪ್ರೀಮಿಯಂ ಶೋರೂಂ ಮೇಡಂ. ಬ್ರ್ಯಾಂಡ್ ಲುಕ್ ಅಂತ ಒಂದಿರುತ್ತೆ. ಸೀರೆ ಮೇಲೆ ಯೂನಿಫಾರ್ಮ್ ಕೋಟು ಹಾಕ್ಕೊಂಡು ನಿಂತ್ರೆ ನೋಡೋಕೆ ನೀಟಾಗಿರ್ಬೇಕು. ನಿಮ್ಮ ಕೋಟನ್ನ ನಲವತ್ತರ ಅಳತೆಗೆ ಹೊಲಿಸ್ತಾ ಇದೀನಿ.”

“ಸಾರ್, ನಂದು ನಲವತ್ತಾರು...”

“ಗೊತ್ತು, ಇಡೀ ಆಫೀಸ್ ಕೇಳಿಸ್ಕೊಂಡಿದೆ. ಎಂಟು ವಾರ ಟೈಮ್. ಆ ಕೋಟಿನ ಐದೂ ಗುಂಡಿ ಹಾಕಿ ತೋರಿಸಿ, ಪೋಸ್ಟ್ ನಿಮ್ಮದು. ಇಲ್ಲಾಂದ್ರೆ ಶ್ವೇತಾ. ಮೋಟಿವೇಷನ್ ಅನ್ಕೊಳಿ.”

ಹೇಳುತ್ತಿದ್ದವನ ಹೊಟ್ಟೆ ಮೇಜಿನ ಅಂಚಿಗೆ ತಗುಲಿ ಅಂಗಿಯ ಎರಡು ಗುಂಡಿಗಳ ನಡುವೆ ಬನಿಯನ್ನು ಇಣುಕುತ್ತಿತ್ತು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ಹುಡುಕುವ ಜಾತಿ ಇದು. ಆ ಹೊಟ್ಟೆಗೆ ಯಾರೂ ಎಂಟು ವಾರ ಗಡುವು ಕೊಟ್ಟಿರಲಿಲ್ಲ.

ತನ್ಮಯಿ ಏನೆಂದಳು ಗೊತ್ತೆ?

“ಥ್ಯಾಂಕ್ಯೂ ಸಾರ್” ಎಂದಳು!

ಆ ಎರಡು ಪದ ನೆನೆದು ಅವಳು ಎಷ್ಟೋ ದಿನ ಊಟದ ತಟ್ಟೆಯ ಮುಂದೆ ಮುಖ ಕಿವುಚಿಕೊಂಡಳು. ಆದರೂ ಪೋಸ್ಟ್ ಬೇಕಿತ್ತು. ಅದು ಅವಳದೇ ಎಂದು ಅವಳಿಗೆ ಗೊತ್ತಿತ್ತು. ಅನ್ನ ಬಿಟ್ಟಳು, ಚಪಾತಿ ಬಿಟ್ಟಳು. ಬೆಳಿಗ್ಗೆ ಐದಕ್ಕೆದ್ದು ನಡೆದಳು. ಹದಿನೈದನೇ ದಿನ ಬನಶಂಕರಿ ಬಸ್ ನಿಲ್ದಾಣದಲ್ಲಿ ಕಣ್ಣು ಕತ್ತಲಿಟ್ಟು ಕಂಬ ಹಿಡಿದು ನಿಂತಾಗ, ಪಕ್ಕದ ಆಂಟಿ ನೀರಿನ ಬಾಟಲಿ ಕೊಟ್ಟು ಹೇಳಿದ ಮಾತೂ ಅದೇ. “ವೆಯಿಟ್ ಜಾಸ್ತಿ ಆದ್ರೆ ಹಿಂಗೇ ಕಣಮ್ಮ.”

ಮೂರನೇ ವಾರ ದಿನೇಶ್ ಅಂಗಡಿಗೆ ಬಂದ. ಕೋಟಿಗೆ ಹಾಕುವ ಒಳಬಟ್ಟೆಯ ಮಾದರಿಗಳನ್ನು ಕೌಂಟರಿನ ಮೇಲೆ ಹರಡಿದ. ಆರಿಸುವ ಕೆಲಸ ತನ್ಮಯಿಗೆ ಬಿದ್ದಿತ್ತು. ಅವಳು ಒಂದನ್ನು ಮುಟ್ಟಿ ಪಕ್ಕಕ್ಕೆಸೆದಳು.

“ಇದು ಪಾಲಿಯೆಸ್ಟರ್. ಇಲ್ಲಿ ಲೈಟ್ ಕೆಳಗೆ ಹತ್ತು ಗಂಟೆ ನಿಂತು ನೋಡಿ, ಬೆವರಿಗೆ ಮೈಗೆ ಅಂಟ್ಕೊಳುತ್ತೆ. ಕಾಟನ್ ಹಾಕಿ.”

“ಸರಿ ಮೇಡಂ. ಎಲ್ಲಾರ್ದಕ್ಕೂ ಕಾಟನ್ನೇ ಹಾಕ್ತೀನಿ.” ಅವನು ವಾದಿಸಲಿಲ್ಲ, ಬರೆದುಕೊಂಡ. ಆಮೇಲೆ ತಡವರಿಸುತ್ತ, “ಅವತ್ತು ಕೈ ಎತ್ತಿ ಅಂದಿದ್ದು...” ಎಂದ.

“ಬಿಡಿ. ಅಭ್ಯಾಸ ಇದೆ ನಂಗೆ.”

“ಇಲ್ಲ ಮೇಡಂ, ಕೇಳಿ. ಅವತ್ತು ಬೇಗ ಬಂದಿದ್ದೆ, ಅರ್ಧ ಗಂಟೆ ಕೆಳಗೆ ಕೂತಿದ್ದೆ. ಮೇಲಿನ ಶೆಲ್ಫಿಂದ ಸೀರೆ ಬೇಕಾದಾಗೆಲ್ಲ ಎಲ್ಲಾರೂ ‘ಅಕ್ಕಾ, ಅದು ಎಲ್ಲಿದೆ, ತೆಗೆದುಕೊಡಿ’ ಅಂತ ನಿಮ್ಮನ್ನೇ ಕರೀತಿದ್ರು. ದಿನಕ್ಕೆ ನೂರು ಸಲ ಕೈ ಎತ್ತೋರಿಗೆ ಕಂಕುಳಲ್ಲಿ ಹಿಡಿಯೋ ಕೋಟು ಹೊಲಿದ್ರೆ ಪಾಪ ಬರುತ್ತೆ. ಅದಕ್ಕೆ ಕೈ ಎಷ್ಟು ಮೇಲಕ್ಕೆ ಹೋಗುತ್ತೆ ನೋಡ್ಬೇಕಿತ್ತು.”

ತನ್ಮಯಿ ಅವನ ಮುಖವನ್ನೇ ನೋಡಿದಳು. ಹನ್ನೊಂದು ವರ್ಷದಲ್ಲಿ ತನ್ನ ಗಾತ್ರ ನೋಡಿದವರು ಲೆಕ್ಕವಿಲ್ಲ. ತನ್ನ ಕೆಲಸ ನೋಡಿದವನು ಇವನೇ ಮೊದಲಿಗ!

ಆಮೇಲೆ ಗುಂಡಿಯ ಬಣ್ಣ ಕೇಳಲು ಅವನ ಫೋನು ಬಂತು. ಕೋಟಿನ ಅಂಚಿಗೆ ಹಾಕುವ ಪೈಪಿಂಗ್ ತೋರಿಸಲು ಅವನೇ ಬಂದ. ಕೇಳುವುದಕ್ಕೆ ಏನೂ ಉಳಿಯದಿದ್ದಾಗ, “ಮಳೆ ಬರ್ತಾ ಇದೆ, ನಿಮ್ಮ ಕಡೆ?” ಎಂದು ಮೆಸೇಜು ಬಂತು. ಜಯನಗರಕ್ಕೂ ಪುಟ್ಟೇನಹಳ್ಳಿಗೂ ಬೇರೆ ಬೇರೆ ಮಳೆ ಬರುತ್ತದೆಯೇ? ತನ್ಮಯಿ ಫೋನು ನೋಡಿ ಒಬ್ಬಳೇ ನಕ್ಕಳು.

ಆದರೆ ನಲವತ್ತರ ವಿಷಯ ಮಾತ್ರ ಅವನ ಹತ್ತಿರ ಎತ್ತಲಿಲ್ಲ. ಹೇಗೆ ಎತ್ತುವುದು? ‘ಸಣ್ಣಗಾದರೆ ಮಾತ್ರ ಕೆಲಸ ಕೊಡ್ತಾರಂತೆ, ನಾನು ಒಪ್ಪಿಕೊಂಡಿದೀನಿ’ ಎಂದು ಯಾವ ಬಾಯಲ್ಲಿ ಹೇಳುವುದು? ಅವನೂ ಕೇಳಲಿಲ್ಲ. ಇಬ್ಬರೂ ಲೋಕದ ವಿಷಯವೆಲ್ಲ ಮಾತಾಡಿದರು, ಅದೊಂದನ್ನು ಬಿಟ್ಟು.

ಉದ್ಘಾಟನೆಯ ವಾರದ ಸೋಮವಾರ ಯೂನಿಫಾರ್ಮುಗಳು ಬಂದವು. ಅದೇ ಊಟದ ಕೋಣೆ, ಅದೇ ಜನ. ಒಬ್ಬೊಬ್ಬರ ಕೋಟಿಗೂ ಹೆಸರಿನ ಚೀಟಿ ಪಿನ್ನು ಮಾಡಿತ್ತು. ತನ್ಮಯಿಯ ಚೀಟಿಯಲ್ಲಿ ಮಾತ್ರ ಹೆಸರಿನ ಮುಂದೆ ಕೆಂಪು ಇಂಕಿನಲ್ಲಿ ಎರಡಕ್ಷರ ಹೆಚ್ಚಿಗಿತ್ತು.

‘ತನ್ಮಯಿ – ಬಿ.ಬಿ.’

“ಬಿ.ಬಿ. ಅಂದ್ರೆ?” ಯಾರೋ ಕೇಳಿದರು.

“ಗೊತ್ತಾಗಲ್ವಾ? ಬಿಗ್ ಬಾಡಿ!” ಇನ್ಯಾರೋ ಹೇಳಿದರು.

ನಗುವಿನ ನಡುವೆಯೇ ಅವಳು ಕೋಟು ತೊಟ್ಟಳು. ಏಳೂವರೆ ವಾರದ ಹಸಿವು ಮೈಯಲ್ಲಿತ್ತು. ತೋಳು ಸಲೀಸಾಗಿ ಹೋಯಿತು. ಆದರೆ ಎದೆಯ ಮೇಲೆ ಕೋಟಿನ ಎರಡು ಅಂಚುಗಳ ನಡುವೆ ಅಂಗೈ ಅಗಲದ ಜಾಗ ಉಳಿಯಿತು. ಎಳೆದಳು... ಉಸಿರು ಬಿಗಿಹಿಡಿದು ಮತ್ತೆ ಎಳೆದಳು. ಒಂದು ಗುಂಡಿಯೂ ಕಾಜದ ಹತ್ತಿರ ಬರಲಿಲ್ಲ.

“ಟೈಲರ್‌ಗೂ ಗೊತ್ತು ನೋಡಿ, ಚೀಟಿ ಮೇಲೇ ಬರೆದು ಕಳಿಸಿದಾನೆ,” ಬದರಿನಾಥ ನಿಟ್ಟುಸಿರಿಟ್ಟ. “ಬುಧವಾರ ಫೈನಲ್. ಶ್ವೇತಾ, ನೀವು ರೆಡಿಯಾಗಿರಿ.”

ತನ್ಮಯಿ ಅಳಲಿಲ್ಲ. ಕೋಟನ್ನು ಮಡಚಿ ಚೀಲಕ್ಕೆ ತುರುಕಿ, ಆಟೋ ಹಿಡಿದು ಪುಟ್ಟೇನಹಳ್ಳಿಗೆ ಹೋದಳು. ದಾರಿಯುದ್ದಕ್ಕೂ ಒಂದೇ ಯೋಚನೆ. ಅವರೆಲ್ಲ ಸರಿ, ಅವರು ಅಂಥವರೇ. ಆದರೆ ಇವನು? ಮಳೆಯ ಮೆಸೇಜು ಕಳಿಸಿ, ಹಿಂದಿನಿಂದ ಕೆಂಪು ಇಂಕಿನಲ್ಲಿ...

ದಿನೇಶನ ಯೂನಿಟ್ ಅವರ ಮನೆಯ ಕೆಳಮಹಡಿಯಲ್ಲೇ ಇತ್ತು. ಅವಳು ಒಳನುಗ್ಗಿ ಕೋಟನ್ನು ಅವನ ಕತ್ತರಿಯ ಮೇಜಿನ ಮೇಲೆ ಎಸೆದಳು. ಹೊಲಿಗೆ ಮಶೀನುಗಳೆಲ್ಲ ನಿಂತವು.

“ನಿಮ್ಮನ್ನ ಮನುಷ್ಯ ಅನ್ಕೊಂಡಿದ್ದೆ! ಬಿಗ್ ಬಾಡಿ ಅಂತ ಬರೆದು ಕಳಿಸೋಕೆ ನಿಮಗೆ ನಾಚಿಕೆ ಆಗ್ಲಿಲ್ವಾ?”

“ಬಿಗ್... ಏನು?”

“ಬಿ.ಬಿ.! ಓದೋಕೆ ಬರುತ್ತೆ ನಂಗೆ.”

ದಿನೇಶ್ ಚೀಟಿ ನೋಡಿದ. ಅವಳನ್ನು ನೋಡಿದ. ಪಿನ್ನು ತೆಗೆದು ಚೀಟಿಯನ್ನು ಕೈಗೆತ್ತಿಕೊಂಡ.

“ಅದು ಬಟ್ಟೆ ಬಿಡಿ ಮೇಡಂ.”

“ಏನಂದ್ರಿ?”

“ಬಿ.ಬಿ. ಅಂದ್ರೆ ಬಟ್ಟೆ ಬಿಡಿ. ಒಳಗೆ ಬಟ್ಟೆ ಬಿಟ್ಟು ಹೊಲೀರಿ ಅಂತ ನಮ್ಮ ಹುಡುಗೀರಿಗೆ ಬರೆಯೋದು. ಜಯಶೀಲಕ್ಕನ್ನೇ ಕೇಳಿ. ಚೀಟಿ ತೆಗೆದು ಕಳಿಸ್ಬೇಕಿತ್ತು, ಮರೆತುಬಿಟ್ವಿ... ತಪ್ಪು ನಂದೇ.”

ಅವನು ಕೋಟನ್ನು ಮಗುಚಿ ಒಳಬಟ್ಟೆಯ ಅಂಚನ್ನು ಬಿಚ್ಚಿ ತೋರಿಸಿದ. ಒಳಗೆ ನಾಲ್ಕು ಉದ್ದ ಹೊಲಿಗೆಗಳು. ಒಂದೊಂದಕ್ಕೂ ಎರಡೂ ಕಡೆ ಮುಕ್ಕಾಲು ಇಂಚು ಬಟ್ಟೆ ಅಚ್ಚುಕಟ್ಟಾಗಿ ಮಡಚಿ ಕೂತಿತ್ತು.

“ನೀವೇ ನಲವತ್ತು ಬೇಕು ಅಂತ ಕೇಳಿದ್ದೀರಿ ಅಂದ್ರು ಬದರಿನಾಥ್ ಸಾರು. ನಾನು ನಂಬಿಬಿಟ್ಟೆ. ಮದುವೆ ಬ್ಲೌಸ್ ಹೊಲಿಸೋಕೆ ಬರೋ ಹೆಣ್ಮಕ್ಳು ಎಷ್ಟೋ ಜನ ಹಂಗೇ ಅಂತಾರೆ, ‘ಮದುವೆ ಹೊತ್ತಿಗೆ ಸಣ್ಣ ಆಗ್ತೀನಿ, ಟೈಟಾಗೇ ಹೊಲೀರಿ’ ಅಂತ. ನಾವು ಹೂಂ ಅಂದು ಒಳಗೆ ಬಟ್ಟೆ ಬಿಟ್ಟೇ ಹೊಲಿಯೋದು. ಮುಹೂರ್ತದ ಹಿಂದಿನ ದಿನ ಅಳ್ತಾ ಬರ್ತಾರೆ. ಬಿಚ್ಚಿ ಕೊಡ್ತೀವಿ. ನೀವೂ ಬರ್ತೀರಾ ಅಂತ ಕಾಯ್ತಾ ಇದ್ದೆ.”

ತನ್ಮಯಿ ಕುರ್ಚಿ ಎಳೆದು ಕೂತಳು. ಆಮೇಲೆ ಎಲ್ಲವನ್ನೂ ಹೇಳಿದಳು. ಎಂಟು ವಾರದ ಗಡುವು, ಐದು ಗುಂಡಿ, ಬಸ್ ನಿಲ್ದಾಣದ ಕಂಬ, ‘ಥ್ಯಾಂಕ್ಯೂ ಸಾರ್’ ಎಂದ ತನ್ನ ಬಾಯಿ. ಕೇಳುತ್ತ ಕೇಳುತ್ತ ದಿನೇಶ್ ಕೋಟನ್ನು ತನ್ನ ಕಡೆಗೆ ಎಳೆದುಕೊಂಡ.

“ಅಸಹ್ಯ,” ಎಂದ ಅವನು. “ನನ್ನ ಕೈಯಿಂದ ಇಂಥ ಕೆಲಸ ಮಾಡಿಸಿದ್ನಲ್ಲ...”

ಅಂದು ಅವನೇ ಮಶೀನಿಗೆ ಕೂತು ಒಂದು ಗಂಟೆಯಲ್ಲಿ ಕೋಟನ್ನು ಬಿಚ್ಚಿ ಹೊಲಿದ. ಅವಳು ತೊಟ್ಟಳು. ಐದೂ ಗುಂಡಿ ಹಾಕಿದಳು. ಎರಡೂ ಕೈಯನ್ನು ತಲೆಯ ಮೇಲಕ್ಕೆತ್ತಿದಳು. ಎಲ್ಲೂ ಹಿಡಿಯಲಿಲ್ಲ.

ಬುಧವಾರ ಬೆಳಿಗ್ಗೆ ಗುಂಡಿ ಹಾಕಿದ ಕೋಟಿನಲ್ಲಿ ತನ್ಮಯಿ ಒಳಗೆ ಬಂದಾಗ ಊಟದ ಕೋಣೆ ಬಾಯಿ ಬಿಟ್ಟು ನೋಡಿತು.

“ವಾರೆವ್ಹಾ!” ಬದರಿನಾಥ ಚಪ್ಪಾಳೆ ತಟ್ಟಿದ. “ಡೆಡಿಕೇಶನ್ ಅಂದ್ರೆ ಇದು! ಎರಡೇ ದಿನದಲ್ಲಿ ಹೆಂಗ್ರೀ ಮಾಡಿದ್ರಿ? ಶ್ವೇತಾ, ಫೋನ್ ತೆಗೀರಿ, ರೀಲ್ ಮಾಡೋಣ. ‘ಎಂಟು ವಾರ, ಆರು ಇಂಚು!’ ಇವತ್ತು ಫುಲ್ ಫಿಗರ್ ತೆಗೀರಿ, ಕೈ ಮಾತ್ರ ಅಲ್ಲ.”

ಪೋಸ್ಟು ಕೈಗೆ ಬಂದಿತ್ತು. ಸುಮ್ಮನೆ ನಗುತ್ತ ನಿಂತರೆ ಸಾಕಿತ್ತು! ಒಂದು ಕ್ಷಣ ತನ್ಮಯಿಗೂ ಹಾಗೇ ಅನ್ನಿಸಿತು. ‘ಸುಮ್ಮನಿರು, ಗೆದ್ದಿದ್ದೀಯಲ್ಲ...’ ಆದರೆ ಆ ರೀಲು ನೋಡಿ ಇನ್ಯಾವಳೋ ಹುಡುಗಿ ಅನ್ನ ಬಿಡುತ್ತಾಳೆ. ಇನ್ಯಾವನೋ ಬದರಿನಾಥ ಗಡುವು ಕೊಡುತ್ತಾನೆ. ಹೇಸಿಗೆ ಮತ್ತೆ ಎದ್ದು ಬಂತು. ಈ ಸಲ ಅದು ಕನ್ನಡಿಯ ಕಡೆ ತಿರುಗಲಿಲ್ಲ.

“ನಾನು ಕರಗಿದ್ದು ಒಂದು ಇಂಚು ಸಾರ್,” ಎಂದಳು. “ಉಳಿದ ಐದು ಇಂಚು ಈ ಕೋಟಿನ ಒಳಗಿತ್ತು. ಟೈಲರ್ ಹತ್ರ ಬಿಚ್ಚಿಸ್ಕೊಂಡು ಬಂದೆ.”

ಬದರಿನಾಥನ ಚಪ್ಪಾಳೆ ನಿಂತಿತು. “ಅಂದ್ರೆ ಮೋಸ!”

“ಮೋಸ ನಂದಲ್ಲ. ನಲವತ್ತಾರು ಅಂತ ಇಡೀ ಆಫೀಸ್ ಕೇಳಿಸ್ಕೊಂಡ ಮೇಲೆ ನಾನೇ ಕೇಳಿದ್ದೀನಿ ಅಂತ ಸುಳ್ಳು ಹೇಳಿ ನಲವತ್ತು ಬರೆಸಿದ್ದು ನೀವು. ಹನ್ನೊಂದು ವರ್ಷ ಈ ಅಂಗಡಿಗೆ ನನ್ನ ಕಣ್ಣು ಬೇಕಿತ್ತು, ಬಾಯಿ ಬೇಕಿತ್ತು, ಕೈ ಬೇಕಿತ್ತು. ಮಿಕ್ಕಿದ್ದನ್ನ ಮನೇಲಿಟ್ಟು ಬರೋಕಾಗಲ್ಲ ಸಾರ್, ಎಲ್ಲಾ ಒಟ್ಟಿಗೇ ಇದೆ.”

“ಹಂಗಾದ್ರೆ ಪೋಸ್ಟು ಶ್ವೇತಾಗೆ. ಮುಗೀತು.”

“ನಂಗೆ ಬೇಡ,” ಎಂದಳು ಶ್ವೇತಾ.

ಎಲ್ಲರೂ ತಿರುಗಿದರು. ಆ ಕಡ್ಡಿಯಂಥ ಹುಡುಗಿ ರೀಲಿಗೆಂದು ತೆಗೆದ ಫೋನನ್ನು ಕೆಳಗಿಟ್ಟಿದ್ದಳು.

“ಪ್ರತಿ ಸೋಮವಾರ ಸ್ಟೋರ್ ರೂಮಲ್ಲಿ ನನ್ನನ್ನ ತೂಕದ ಮಶೀನ್ ಮೇಲೆ ನಿಲ್ಲಿಸ್ತೀರಲ್ಲ ಸಾರ್, ಅದನ್ನೂ ಎಲ್ಲಾರ್ಗೂ ಹೇಳ್ಲಾ? ಅಕ್ಕ ಇಲ್ದೆ ನಾನು ಜೆ.ಪಿ. ನಗರಕ್ಕೆ ಹೋಗಲ್ಲ. ಮದುವೆ ಸೀರೆ ಕೇಳ್ಕೊಂಡು ಬಂದೋರಿಗೆ ನಾನೇನು ನನ್ನ ಸೊಂಟ ತೋರಿಸ್ಲಾ?”

ಈ ಸಲ ಯಾರೂ ನಗಲಿಲ್ಲ. ಶುಕ್ರವಾರ ಉದ್ಘಾಟನೆ. ಕಾರ್ಡು ಹಂಚಿಯಾಗಿತ್ತು. ಬದರಿನಾಥ ಅವಳನ್ನೊಮ್ಮೆ ಇವಳನ್ನೊಮ್ಮೆ ನೋಡಿ ಹಣೆ ಒರೆಸಿಕೊಂಡ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

“ಸರಿ ಸರಿ... ಒಂದು ಸೀಸನ್ ನೋಡೋಣ.”

“ಸೀಸನ್ ಅಲ್ಲ, ಲೆಟರ್ ಕೊಡಿ,” ಎಂದಳು ತನ್ಮಯಿ. “ನನ್ನ ಹೆಸರು, ಪೋಸ್ಟು, ಇವತ್ತಿನ ತಾರೀಕು. ಆ ತೂಕದ ಮಶೀನು ಇವತ್ತೇ ಹೊರಗೆ ಹೋಗ್ಬೇಕು. ನಮ್ಮಲ್ಲಿ ಯಾರ ಬಟ್ಟೆಗೂ ಟೇಪಿನ ಅಳತೆ ಬಿಟ್ಟು ಬೇರೆ ಅಳತೆ ಬರೆಸೋ ಹಾಗಿಲ್ಲ.”

ಮಧ್ಯಾಹ್ನ ಮೂರಕ್ಕೆ ಲೆಟರ್ ಬಂತು. ಬದರಿನಾಥ ಹಲ್ಲು ಕಿರಿದು ಕೈಕುಲುಕಿದ. ಅವಳು ಆ ಕೈಯನ್ನು ಆಮೇಲೆ ಸೋಪು ಹಚ್ಚಿ ತೊಳೆದಳು. ಪೋಸ್ಟು ಸಿಕ್ಕಿತೆಂದು ಹೇಸಿಗೆಯೇನೂ ಹೋಗಲಿಲ್ಲ. ಹೋಗಬೇಕಾದ್ದೂ ಇಲ್ಲ.

ಸಂಜೆ ಅವಳು ಲೆಟರನ್ನು ಮೊದಲು ತೋರಿಸಿದ್ದು ಅಮ್ಮನಿಗಲ್ಲ. ಪುಟ್ಟೇನಹಳ್ಳಿಗೆ ಹೋದಳು. ದಿನೇಶ್ ಅದನ್ನು ಎರಡು ಸಲ ಓದಿದ. ಮಡಚಿ, ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಕೊಟ್ಟ.

“ಕೇಳೋಕೆ ಇನ್ನು ಯಾವ ಗುಂಡಿನೂ ಇಲ್ಲ, ಪೈಪಿಂಗೂ ಇಲ್ಲ,” ಎಂದ. “ಇನ್ಮೇಲೆ ಏನು ನೆಪ ಹೇಳಿ ಫೋನ್ ಮಾಡ್ಲಿ?”

“ನೆಪ ಯಾಕೆ ಬೇಕು?”

ಅವನು ಟೇಪನ್ನು ಕೊರಳಿನಿಂದ ತೆಗೆದು ಮೇಜಿನ ಮೇಲಿಟ್ಟ. “ನಿಮ್ಮನ್ನ ಇಷ್ಟಪಡ್ತೀನಿ ತನ್ಮಯಿ. ಶೆಲ್ಫ್ ಹತ್ರ ನೋಡಿದ ದಿನದಿಂದ. ಮೇಲೆ ಬನ್ನಿ... ಅಮ್ಮ ಇದಾರೆ. ಪರಿಚಯ ಮಾಡಿಸ್ತೀನಿ.”

ತನ್ಮಯಿ ಅವನ ಹಿಂದೆಯೇ ಹೊರಟಳು. ಆದರೆ ಮೆಟ್ಟಿಲ ಬುಡಕ್ಕೆ ಬಂದಾಗ ಅವಳ ಕಾಲು ನಿಂತಿತು. ಬದರಿನಾಥನ ಎದುರು ಬಾರದ ಭಯ ಈಗ ಬಂತು. ತಟ್ಟೆ ನೆಕ್ಕಿ ಎದ್ದುಹೋದವರ ಮುಖಗಳೆಲ್ಲ ಕಣ್ಣ ಮುಂದೆ ಬಂದವು.

“ನಿಮ್ಮಮ್ಮ ನನ್ನ ನೋಡಿದ್ರೆ ಏನಂತಾರೆ?”

ಅವನು ಸುಳ್ಳು ಹೇಳಬಹುದಿತ್ತು. ಒಂದು ಗಳಿಗೆ ಯೋಚಿಸಿದ.

“ಹುಡುಗಿ ದಪ್ಪ ಇದಾಳೆ ಅಂತಾರೆ.”

“...ಅದಕ್ಕೆ ನೀನು ಏನಂತೀಯ?” ತನ್ಮಯಿಯ ಬಾಯಲ್ಲಿ ಏಕವಚನ ಯಾವಾಗ ಬಂತೋ ಅವಳಿಗೇ ತಿಳಿಯಲಿಲ್ಲ.

“ಹೌದಮ್ಮ, ದಪ್ಪ ಇದಾಳೆ, ನಂಗೆ ಇವಳೇ ಬೇಕು, ಕಾಫಿ ನೀನು ಮಾಡ್ತೀಯಾ ನಾನು ಮಾಡ್ಲಾ ಅಂತೀನಿ.”

ಆ ಪದವನ್ನು ಅವಳು ಬಾಲ್ಯದಿಂದ ಕೇಳಿದ್ದಳು. ‘ದಪ್ಪ, ಆದರೆ ಮುಖ ಲಕ್ಷಣ.’ ‘ದಪ್ಪ, ಆದರೆ ಗುಣವಂತೆ.’ ಬೆನ್ನಿಗೊಂದು ‘ಆದರೆ’ ಇಲ್ಲದೆ ಅದು ಬಂದದ್ದು ಇದೇ ಮೊದಲು. ತನ್ಮಯಿ ಕಣ್ಣೊರೆಸಿಕೊಳ್ಳುತ್ತಲೇ ನಕ್ಕುಬಿಟ್ಟಳು. ಅವನು ಕೈ ಚಾಚಿದ. ಅವಳು ಹಿಡಿದಳು.

“ಸಕ್ಕರೆ?” ಅವನು ಮೆಟ್ಟಿಲೇರುತ್ತ ಕೇಳಿದ.

“ಎರಡು ಚಮಚ,” ಎಂದಳು ಅವಳು. “ತುಂಬಿ ಹಾಕು.”